ಪತ್ರಾ ಶೆಡ್‌ನಲ್ಲಿ 2 ಎಚ್‌ಪಿ ಡಸ್ಟ್ ಕಲೆಕ್ಟರ್: ಎಳೆತ ಕೆಡದಂತೆ ಸಪ್ಪಳ ಇಳಿಸುವುದು ಹೇಗೆ?

ಸಾಗವಾನಿ_ಟಿಳಕವಾಡಿ (ಬೆಳಗಾವಿ)

ಮನೆಯ ಹಿಂದೆ 12 × 16 ಅಡಿಯ ಶೆಡ್. ಮೂರು ಕಡೆ ಗಿಲಾಯಿ (ಪ್ಲಾಸ್ಟರ್) ಮಾಡಿದ 9 ಇಂಚಿನ ಇಟ್ಟಿಗೆ ಗೋಡೆ, ಮುಂದೆ ರೋಲಿಂಗ್ ಶಟರ್, ಮೇಲೆ ಪತ್ರಾ (ಅಲೆಅಲೆಯ ತಗಡು). ಟೇಬಲ್ ಸಾ, ಥಿಕ್‌ನೆಸ್ ಪ್ಲೇನರ್ ಮತ್ತು ಅವುಗಳ ಧೂಳು ಎಳೆದುಕೊಳ್ಳುವ, ಒಂದು ಬ್ಯಾಗ್ ಇರುವ 2 ಎಚ್‌ಪಿ ಡಸ್ಟ್ ಕಲೆಕ್ಟರ್ ಇವೆ. ಕಲೆಕ್ಟರ್ ಸಿಂಗಲ್ ಫೇಸ್, 2850 ಆರ್‌ಪಿಎಂ, ಒಳಗೆ 12 ಇಂಚಿನ ಇಂಪೆಲ್ಲರ್ (ಗಾಳಿ ಎಳೆಯುವ ಚಕ್ರ). ಅದರ ಬಾಯಿ 6 ಇಂಚು. ಅಲ್ಲಿಂದ ವೈ ಹಾಕಿ ಎರಡು 4 ಇಂಚಿನ ಸುಕ್ಕು ಹೋಸ್ ತೆಗೆದಿದೆ, ಒಂದೊಂದು 12 ಅಡಿ. ಕಲೆಕ್ಟರ್‌ನ ಕಾಲುಗಳನ್ನು ನೆಲಕ್ಕೆ ಆ್ಯಂಕರ್ ಬೋಲ್ಟ್ ಹೊಡೆದು ಕೂರಿಸಿದೆ, ಮೇಲಿನ ರಿಂಗ್‌ಗೆ ಗೋಡೆಯಿಂದ ಒಂದು ಬ್ರಾಕೆಟ್ ಇದೆ.

ಫೋನ್ ಆ್ಯಪ್‌ನಲ್ಲಿ ಎ-ವೇಟಿಂಗ್ (ಕಿವಿಗೆ ಕೇಳುವ ಲೆಕ್ಕದಲ್ಲಿ ಅಳೆಯುವ ಕ್ರಮ), ಸ್ಲೋ ಇಟ್ಟು ನೋಡಿದ ಅಳತೆ, ಡೆಸಿಬೆಲ್‌ನಲ್ಲಿ: ಸಾ ಮುಂದೆ ನಿಂತಲ್ಲಿ ಕಲೆಕ್ಟರ್ ಒಂದೇ ಓಡಿದರೆ 86, ಸಾ ಒಂದೇ ಓಡಿದರೆ 84, ಪ್ಲೇನರ್ ಒಂದೇ ಓಡಿದರೆ 97. ಹಿಂದಿನ ಗೋಡೆಯಿಂದ 3 ಮೀಟರ್ ದೂರದಲ್ಲಿ ಪಕ್ಕದವರ ಅಡುಗೆಮನೆ ಕಿಟಕಿ. ಅಲ್ಲಿ ಕಲೆಕ್ಟರ್ ಒಂದರಿಂದಲೇ 66, ಎಲ್ಲಾ ಬಂದ್ ಇದ್ದಾಗ 44.

ಪ್ಲೇನರ್ ದಿನಕ್ಕೆ ಹತ್ತು ನಿಮಿಷ ಓಡಿದರೆ ಹೆಚ್ಚು. ಕಲೆಕ್ಟರ್ ಮಾತ್ರ ಗಂಟೆಗಟ್ಟಲೆ ಓಡುತ್ತದೆ, ಪಕ್ಕದ ಮನೆಯವರಿಗೆ ತ್ರಾಸು ಆಗುತ್ತಿರುವುದು ಅದರಿಂದಲೇ. ಸುತ್ತ ಒಂದು ಪೆಟ್ಟಿಗೆ ಕಟ್ಟಬೇಕೋ, ಕಲೆಕ್ಟರನ್ನೇ ಹೊರಗೆ ಇಡಬೇಕೋ, ಬೇರೆ ದಾರಿ ಇದೆಯೋ? ಎಳೆತ ಕಡಿಮೆಯಾಗಬಾರದು, ಎಂಡಿಎಫ್ (ಕಟ್ಟಿಗೆಯ ನಾರು ಒತ್ತಿ ಮಾಡಿದ ಹಲಗೆ) ಕೊಯ್ಯುವ ಕೆಲಸವೂ ಇದೆ. ಖರ್ಚು 25 ಸಾವಿರದ ಒಳಗೆ ಇರಬೇಕು.

ಬ್ಲೋವರ್_ಉದ್ಯಮಬಾಗ್ (ಬೆಳಗಾವಿ)

ಒಂದೊಂದೇ ಯಂತ್ರ ಓಡಿಸಿ ಬೇರೆಬೇರೆ ಅಳೆದಿದ್ದೀರಿ, ಅರ್ಧ ಕೆಲಸ ಅಲ್ಲೇ ಮುಗಿಯಿತು. ವಸತಿ ಪ್ರದೇಶಕ್ಕೆ 2000ದ ಶಬ್ದಮಾಲಿನ್ಯ ನಿಯಮಗಳು ಹಾಕಿರುವ ಮಿತಿ ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ 55 ಡೆಸಿಬೆಲ್, ರಾತ್ರಿ 45. ಅಂದರೆ ಪಕ್ಕದವರ ಕಿಟಕಿಯಲ್ಲಿ ನಿಮಗೆ 11 ಡೆಸಿಬೆಲ್ ಇಳಿಯಬೇಕು. ಅದು ಆಗದ ಮಾತಲ್ಲ. 10 ಡೆಸಿಬೆಲ್ ಇಳಿದರೆ ಕಿವಿಗೆ ಸಪ್ಪಳ ಅರ್ಧಕ್ಕೆ ಬಂದಂತೆ ಕೇಳುತ್ತದೆ. ಫೋನ್ ತೋರಿಸುವ ಅಂಕಿ ಎರಡು ಮೂರು ಹೆಚ್ಚುಕಮ್ಮಿ ಇರಬಹುದು, ಆದರೆ ಅದೇ ಫೋನ್ ಅದೇ ಜಾಗದಲ್ಲಿಟ್ಟು ಮೊದಲು ಮತ್ತು ಆಮೇಲೆ ಅಳೆದರೆ ವ್ಯತ್ಯಾಸ ಸರಿಯಾಗಿಯೇ ಸಿಗುತ್ತದೆ.

ನೀವು ನಿಂತ ಜಾಗದ ಲೆಕ್ಕ ಬೇರೆ. 86 ಮತ್ತು 84 ಕೂಡಿದರೆ 88. ಕಲೆಕ್ಟರನ್ನು 70ಕ್ಕೆ ಇಳಿಸಿದರೂ ಸಾ 84ರಲ್ಲೇ ಇರುತ್ತದೆ, ಆದ್ದರಿಂದ ನಿಮ್ಮ ಕಿವಿಗೆ ಸಿಗುವ ಲಾಭ 4 ಡೆಸಿಬೆಲ್ ಅಷ್ಟೇ. ಪ್ಲೇನರ್ 97 ಅಂದರೆ ಕಿವಿಗೆ ಮಫ್ ಇಲ್ಲದೆ ದಿನಕ್ಕೆ ಅರ್ಧ ಗಂಟೆಗಿಂತ ಹೆಚ್ಚು ಸುರಕ್ಷಿತವಲ್ಲ. 85 ಡೆಸಿಬೆಲ್‌ಗೆ 8 ಗಂಟೆ, ಆಮೇಲೆ ಪ್ರತಿ 3 ಡೆಸಿಬೆಲ್‌ಗೆ ಸಮಯ ಅರ್ಧ: ಹೀಗೆ ಲೆಕ್ಕ ಹಾಕಿದರೆ 97ಕ್ಕೆ ಬರುವುದು ಅರ್ಧ ಗಂಟೆ. ಆದ್ದರಿಂದ ಪೆಟ್ಟಿಗೆ ಕಟ್ಟಿದ ಮೇಲೂ ಮಫ್ ಬಿಡಬೇಡಿ.

ಈಗ ಸಪ್ಪಳ ಯಾವ ದಾರಿಯಲ್ಲಿ ಹೊರಗೆ ಹೋಗುತ್ತಿದೆ ನೋಡಿ. ಗಿಲಾಯಿ ಮಾಡಿದ 9 ಇಂಚಿನ ಗೋಡೆ ಸುಮಾರು 50 ಡೆಸಿಬೆಲ್ ತಡೆಯುತ್ತದೆ. ಒಳಗೆ 86 ಇದ್ದು ಹೊರಗೆ 66 ಬರುತ್ತಿದೆ ಅಂದರೆ ಅದು ಗೋಡೆಯಿಂದ ಬರುತ್ತಿಲ್ಲ. ಪತ್ರಾದಿಂದ, ಶಟರ್‌ನಿಂದ, ಎಲ್ಲಕ್ಕಿಂತ ಮುಖ್ಯವಾಗಿ ಗೋಡೆಯ ತಲೆಗೂ ಪತ್ರಾದ ಅಲೆಗಳಿಗೂ ನಡುವೆ ಉಳಿಯುವ ಅರ್ಧಚಂದ್ರದಂಥ ಸಂದುಗಳಿಂದ ಬರುತ್ತಿದೆ. ಹಿಂದಿನ ಗೋಡೆಯ ಉದ್ದಕ್ಕೂ ಆ ಸಂದು ಇದ್ದರೆ ಮೊದಲು ಸಿಮೆಂಟ್ ಗಾರೆ ತುಂಬಿ ಮುಚ್ಚಿಸಿ. ಸ್ಪ್ರೇ ಫೋಮ್ ಒಂದೇ ಸಾಲದು, ಅದಕ್ಕೆ ತೂಕವಿಲ್ಲ. ಇಡೀ ಕೆಲಸದಲ್ಲಿ ಅತಿ ಕಡಿಮೆ ಖರ್ಚಿನದು ಇದೇ, ಆದರೂ ಎಲ್ಲರೂ ಇದನ್ನೇ ಬಿಟ್ಟು ನೇರ ಪೆಟ್ಟಿಗೆಗೆ ಹೋಗುತ್ತಾರೆ.

ಆಮೇಲೆ ಯಂತ್ರದಲ್ಲಿ ಸಪ್ಪಳ ಎಲ್ಲಿ ಹುಟ್ಟುತ್ತಿದೆ ಅಂತ ಹಿಡಿಯಲು ಮೂರು ಪರೀಕ್ಷೆ ಮಾಡಿ.

ಒಂದು, ಪೂರ್ತಿ ವೇಗದಲ್ಲಿ ಓಡುತ್ತಿರುವಾಗ ಸ್ವಿಚ್ ಆಫ್ ಮಾಡಿ. ಇಂಪೆಲ್ಲರ್ ಇನ್ನೂ ತಿರುಗುತ್ತಿರುತ್ತದೆ. ಕರೆಂಟ್ ಹೋದ ಕ್ಷಣದಲ್ಲೇ ಸಪ್ಪಳದ ಒಂದು ಭಾಗ ಕಡಿದು ಬಿದ್ದರೆ ಅದು ಮೋಟರಿನ 100 ಹರ್ಟ್ಸ್ ಗುಂಯ್‌ಗುಡುವಿಕೆ. ವೇಗದ ಜೊತೆಗೇ ನಿಧಾನ ಇಳಿದರೆ ಗಾಳಿ, ಬೇರಿಂಗ್ ಅಥವಾ ಬ್ಯಾಲೆನ್ಸ್‌ನದ್ದು.

ಎರಡು, ಓಡುತ್ತಿರುವಾಗ ಹೋಸ್‌ಗಳ ಗಾಳಿ ತಡೆಯುವ ಗೇಟ್‌ಗಳನ್ನೆಲ್ಲಾ ಮುಚ್ಚಿ ಹತ್ತು ಸೆಕೆಂಡ್ ಕೇಳಿ. ಗಾಳಿ ನಿಂತರೆ ಕಲೆಕ್ಟರ್‌ನ ಬ್ಲೋವರ್‌ಗೆ ಲೋಡ್ ಇಳಿಯುತ್ತದೆ, ಮೋಟರಿಗೆ ಅಪಾಯವಿಲ್ಲ. ಸಪ್ಪಳ ಬಹಳ ಇಳಿದರೆ ಮೂಲ ಗಾಳಿಯ ಹರಿವು. ಇಳಿಯದಿದ್ದರೆ ಬೇರಿಂಗ್ ಮತ್ತು ಇಂಪೆಲ್ಲರ್ ಕಡೆ ನೋಡಿ.

ಮೂರು, ಫೋನಿನ ಸ್ಪೆಕ್ಟ್ರಮ್ ಆ್ಯಪ್‌ನಲ್ಲಿ ಯಾವ ಹರ್ಟ್ಸ್‌ನಲ್ಲಿ ಶಿಖರ ಎದ್ದಿದೆ ನೋಡಿ. 2850 ಆರ್‌ಪಿಎಂ ಅಂದರೆ ಸೆಕೆಂಡಿಗೆ 47.5 ಸುತ್ತು. 47.5ರಲ್ಲಿ ಶಿಖರ ಇದ್ದರೆ ಬ್ಯಾಲೆನ್ಸ್ ಕೆಟ್ಟಿದೆ. 47.5ನ್ನು ಬ್ಲೇಡ್‌ಗಳ ಸಂಖ್ಯೆಯಿಂದ ಗುಣಿಸಿದಲ್ಲಿ ಇದ್ದರೆ ಅದು ಬ್ಲೇಡ್ ಸ್ವರ.

ಆ ಗೋಡೆ ಬ್ರಾಕೆಟ್‌ ಇವತ್ತೇ ಬಿಚ್ಚಿ, ಆ್ಯಂಕರ್ ಬೋಲ್ಟನ್ನೂ ತೆಗೆಯಿರಿ, ಯಂತ್ರದ ನಡುಕ ಗೋಡೆಗೂ ನೆಲಕ್ಕೂ ಹೋಗುವುದು ಅವುಗಳಿಂದಲೇ. ಸುಕ್ಕು ಹೋಸ್ 12 ಅಡಿ ಅನ್ನುವುದು ಗಾಳಿಗೂ ಕೇಡು, ಕಿವಿಗೂ ಕೇಡು. ಒಳಗಿನ ಸುಕ್ಕುಗಳ ಮೇಲೆ ಗಾಳಿ ಹಾಯುವಾಗ ಸೀಟಿ ಹುಟ್ಟುತ್ತದೆ. ಉಸಿರು ಕಟ್ಟಿದ ಬ್ಲೋವರ್ ಗಡಗಡ ಅನ್ನುವುದೂ ಇದೆ. 160 ಮಿಮೀ ಪಿವಿಸಿ ಪೈಪನ್ನು ಯಂತ್ರದ ಹತ್ತಿರದವರೆಗೂ ಒಯ್ದು, ಕೊನೆಯ ಎರಡು ಅಡಿ ಮಾತ್ರ ಹೋಸ್ ಇಡಿ. 90 ಡಿಗ್ರಿಯ ಒಂದು ಬೆಂಡ್ ಹಾಕುವ ಕಡೆ 45ರ ಎರಡು ಹಾಕಿ, ನಡುವೆ ಒಂದು ಅಡಿ ನೇರ ಪೈಪ್ ಕೊಡಿ. ಪೈಪ್ ಬದಲಿಸಿದ ಮೇಲೆ ಕ್ಲ್ಯಾಂಪ್ ಮೀಟರ್ ಹಾಕಿ ಆ್ಯಂಪಿಯರ್ ನೋಡಲೇಬೇಕು. ದಾರಿ ಸಲೀಸಾದಷ್ಟೂ ಗಾಳಿ ಹೆಚ್ಚು, ಗಾಳಿ ಹೆಚ್ಚಾದಷ್ಟೂ ಕರೆಂಟ್ ಹೆಚ್ಚು. ನೇಮ್ ಪ್ಲೇಟ್ ದಾಟಬಾರದು.

ನವನಗರ_ಪ್ಲೈ (ಬಾಗಲಕೋಟೆ)

ಸರ, ಪೆಟ್ಟಿಗಿ ಕಟ್ಟೂದು ದೊಡ್ಡ ಕೆಲಸಲ್ಲ. ಆದ್ರ ಎರಡು ಜಾಗಾದಾಗ ಮಂದಿ ಕೆಡಸ್ತಾರ: ಬಾಗಲಾ ಮತ್ತ ಗಾಳಿ ಹೊರಗ ಹೋಗೋ ದಾರಿ. ಉಳಿದದ್ದೆಲ್ಲಾ ಸಾದಾ ಪಾರ್ಟಿಶನ್ ಕೆಲಸ.

ಹಿಂದಿನ ಮೂಲ್ಯಾಗ ಇಡ್ರಿ, ಎರಡು ಇಟ್ಟಂಗಿ ಗ್ವಾಡಿ ಪುಕ್ಕಟ ಸಿಗತಾವು. ಒಳಗ 3.5 × 4 ಅಡಿ, ಎತ್ತರ 7.5 ಅಡಿ ಸಾಕು. ಬ್ಯಾಗ್ ಉಬ್ಬಿದಾಗ ಸುತ್ತ ಅರ್ಧ ಅಡಿ ಖಾಲಿ ಉಳೀಬೇಕು. ಮ್ಯಾಲ ಪತ್ರಾನ ಮುಚ್ಚಳ ಅಂತ ಬಿಡಬ್ಯಾಡ್ರಿ, ಪೆಟ್ಟಿಗಿಗೆ ತನ್ನದ ಆದ ಛತ್ತ ಬೇಕು. ಪತ್ರಾ ಅಂದ್ರ ಬಾರಿಸೋ ಹಲಗಿ ಇದ್ದಂಗ, ಒಳಗ ಬಡಿದದ್ದೆಲ್ಲಾ ಹೊರಗಿನವರಿಗೆ ಕೇಳಸ್ತೈತಿ.

ಫ್ರೇಮ್ 2 × 3 ಇಂಚಿನ ಕಟ್ಟಿಗಿ. ಹೊರಗ 18 ಮಿಮೀ ಪ್ಲೈ, ಅದರ ಮ್ಯಾಲ 12.5 ಮಿಮೀ ಜಿಪ್ಸಮ್ ಬೋರ್ಡ್. ಪ್ಲೈ ಒಂದ ಇದ್ರ ಚದರ ಮೀಟರಿಗೆ ಸುಮಾರು 11 ಕೆಜಿ, ಜಿಪ್ಸಮ್ ಕೂಡಿದ್ರ 20 ಕೆಜಿ. ಸಪ್ಪಳ ತಡಿಯೂದು ತೂಕ. ತೂಕ ಡಬಲ್ ಆದ್ರ ಐದಾರು ಡೆಸಿಬೆಲ್ ಹೆಚ್ಚ ತಡೀತೈತಿ. ಎರಡು ಬ್ಯಾರೆಬ್ಯಾರೆ ದಪ್ಪ ಇರೂದೂ ಛಲೋ, ಎರಡೂ ಒಂದ ಸ್ವರಕ್ಕ ಸೋಲೂದಿಲ್ಲ. ಜಿಪ್ಸಮ್ ಜಾಯಿಂಟು ಪ್ಲೈ ಜಾಯಿಂಟಿನ ಮ್ಯಾಲ ಬರಬಾರದು.

ಒಳಗ 50 ಮಿಮೀ ರಾಕ್‌ವೂಲ್ (ಕಲ್ಲಿನ ಎಳಿಯ ಹಾಸು), 64 ಡೆನ್ಸಿಟಿ, ಅಂದ್ರ ಘನ ಮೀಟರಿಗೆ 64 ಕೆಜಿ. ಇಟ್ಟಂಗಿ ಗ್ವಾಡಿಗೂ ಹಚ್ಚರಿ, ಛತ್ತಿಗೂ ಹಚ್ಚರಿ. ಅದರ ಮ್ಯಾಲ ಕರಿ ಗ್ಲಾಸ್ ಟಿಶ್ಯೂ, ಅದರ ಮ್ಯಾಲ ಅರ್ಧ ಇಂಚಿನ ಜಿಐ ಜಾಳಿಗಿ. ಟಿಶ್ಯೂ ಬಿಟ್ರ ಎಳಿ ಹಾರಿ ಗಾಳ್ಯಾಗ ಬರತಾವು, ಜಾಳಿಗಿ ಬಿಟ್ರ ಇಲಿ ಮನಿ ಮಾಡತಾವು. ತತ್ತಿ ಟ್ರೇ, ಥರ್ಮೋಕೋಲ್ ಯಾರರೆ ಹೇಳಿದ್ರ ಕೇಳಬ್ಯಾಡ್ರಿ. ತೂಕಾನೂ ಇಲ್ಲ, ಹೀರೂದೂ ಇಲ್ಲ. ಸ್ಟುಡಿಯೋಕ್ಕ ಹಚ್ಚೋ ಸಾದಾ ಪಿಯು ಫೋಮ್ ಅಂತೂ ಬ್ಯಾಡ. ಕಟಗಿ ಹೊಟ್ಟಿನ ಜೊತಿ ಅದಕ್ಕ ಬೆಂಕಿ ಹತ್ತಿದ್ರ ಹೊಗಿಯಿಂದನ ಉಸರ ನಿಲ್ಲತೈತಿ.

ಮಾಲು: 8 × 4 ಪ್ಲೈ 3 ಹಾಳಿ, 6 × 4 ಜಿಪ್ಸಮ್ 4 ಹಾಳಿ, 1000 × 600 ಮಿಮೀ ರಾಕ್‌ವೂಲ್ ಸುಮಾರು 20 ಸ್ಲ್ಯಾಬ್. ಬಾಗಲಾಕ್ಕ, ಗಾಳಿ ದಾರಿಗೆ ಬ್ಯಾರೆ 2 ಹಾಳಿ ಪ್ಲೈ ಹಿಡೀರಿ. ಬೆಳಗಾವಿ ಮಳಿಗಾಲಕ್ಕ ನೆಲಕ್ಕ ಹತ್ತೋ ಪ್ಲೈ 710 ಗ್ರೇಡ್ (ನೀರಿಗೆ ತಡಿಯೋ ಮರೀನ್ ಪ್ಲೈ) ಇರಲಿ. ರಾಕ್‌ವೂಲ್ ನೆಲದಿಂದ ಒಂದು ಇಂಚು ಮ್ಯಾಲ ನಿಲ್ಲಸ್ರಿ, ಗ್ವಾಡಿ ಹಸಿ ಹಿಡಿಯೂದಿದ್ರ ಮೊದಲ ಅದನ್ನ ರಿಪೇರಿ ಮಾಡ್ರಿ.

ಬಾಗಲಾ 2.5 × 6 ಅಡಿ, 12 ಮಿಮೀ ಪ್ಲೈ ಎರಡು ಪದರ ಅಂಟಿಸಿ. ಇಲ್ಲೊಂದು ಲೆಕ್ಕ ಹೇಳತೀನಿ. ಸುತ್ತ 3 ಮಿಮೀ ಸಂದಿ ಬಿಟ್ರ ಅದು ಬಾಗಲಾದ ಒಟ್ಟು ಕ್ಷೇತ್ರದಾಗ ಶೇಕಡಾ 1ಕ್ಕಿಂತ ಹೆಚ್ಚ ಆಗತೈತಿ. ಶೇಕಡಾ 1 ತೂತು ಇದ್ರ ನೀವು ಎಂಥಾ ಬಾಗಲಾ ಮಾಡ್ರಿ, 20 ಡೆಸಿಬೆಲ್ ಮ್ಯಾಲ ಅದು ತಡಿಯಂಗಿಲ್ಲ. ಅದಕ್ಕ ನಾಕೂ ಕಡೆ ಇಪಿಡಿಎಂ ರಬ್ಬರಿನ ಡಿ-ಸೆಕ್ಷನ್ ಗ್ಯಾಸ್ಕೆಟ್, ಕೆಳಗ ಹೊಸ್ತಿಲಾ, ಮ್ಯಾಲೊಂದು ಕೆಳಗೊಂದು ಒತ್ತಿ ಹಿಡಿಯೋ ಹ್ಯಾಂಡಲ್. ಬಾಗಲಾ ಹಾಕಿ ಒಳಗ ಟಾರ್ಚ್ ಹಚ್ಚಿಟ್ಟು ರಾತ್ರಿ ನೋಡ್ರಿ. ಬೆಳಕು ಬಂದಲ್ಲೆಲ್ಲಾ ಸಪ್ಪಳ ಬರತೈತಿ.

ಪೈಪು ಒಳಗ ಬರೋ ತೂತು ಪೈಪಿಗಿಂತ ಸುತ್ತ 10 ಮಿಮೀ ದೊಡ್ಡದು ಇರಲಿ, ಸಂದ್ಯಾಗ ರಾಕ್‌ವೂಲ್ ತುಂಬಿ ಎರಡೂ ಕಡೆ ಸಿಲಿಕಾನ್ ಹೊಡೀರಿ. ಪೈಪು ಪ್ಲೈಗೆ ಗಟ್ಟಿಯಾಗಿ ಹತ್ತಬಾರದು. ಬ್ಲೋವರ್ ಬಾಯಿಗೆ ಒಂದು ಅಡಿ ಹೋಸ್ ಕೊಟ್ಟ ಮ್ಯಾಲ ಪಿವಿಸಿ.

ಇನ್ನ ಗಾಳಿ ದಾರಿ. ನಿಮ್ಮ ಯಂತ್ರದಿಂದ ಖರೇ ಅಂದ್ರ 800 ಸಿಎಫ್‌ಎಂ (ನಿಮಿಷಕ್ಕ 800 ಘನ ಅಡಿ ಗಾಳಿ) ಬರಬಹುದು. ದಾರಿಯೊಳಗ ಗಾಳಿ ಸೆಕೆಂಡಿಗೆ 2 ಮೀಟರ್ ದಾಟಬಾರದು, ಹಂಗಂದ್ರ 2 ಚದರ ಅಡಿ ಖಾಲಿ ಜಾಗ ಬೇಕು. ಒಂದ ದೊಡ್ಡ ಕಿಂಡಿ ಬಿಡಬ್ಯಾಡ್ರಿ. 6 × 24 ಇಂಚಿನ ಎರಡು ಗಲ್ಲಿ ಮಾಡ್ರಿ, ನಡುವ 4 ಇಂಚು ದಪ್ಪದ ರಾಕ್‌ವೂಲ್ ಗ್ವಾಡಿ, ಎರಡೂ ಬದಿ 2 ಇಂಚು. ಗಲ್ಲಿ ಸಣ್ಣ ಇದ್ದಷ್ಟೂ ಸಪ್ಪಳ ಬದೀಗೆ ಬಡಿದು ಸಾಯತೈತಿ. ಉದ್ದ 4 ಅಡಿ ಕಮ್ಮಿ ಆಗಬಾರದು, ಎರಡು ತಿರುವು ಇರಲಿ. ಈ ಕಡೆಯಿಂದ ನೋಡಿದ್ರ ಆ ಕಡೆ ಕಾಣಬಾರದು. ಪೆಟ್ಟಿಗಿ ಬದಿಗೇ ಗ್ವಾಡಿಗುಂಟ ಮ್ಯಾಲೆ ಕೂಡಸ್ರಿ, ಬಾಯಿ ಶೆಡ್ ಒಳಗ, ಪಕ್ಕದವರ ಗ್ವಾಡಿಗೆ ಬೆನ್ನು ಮಾಡಿ.

ಹೊರಗ ಯಾಕ ಬಿಡಬಾರದು ಅಂತೀರಿ? ಹೊರಗ 800 ಸಿಎಫ್‌ಎಂ ಬಿಟ್ರ ಒಳಗ ಅಷ್ಟ ಗಾಳಿ ಬರಬೇಕು. ಅದಕ್ಕ ಕಿಟಕಿ ತೆರೀಬೇಕು, ಕಿಟಕಿ ತೆರದ್ರ ಸಾ ಸಪ್ಪಳ ಪ್ಲೇನರ್ ಸಪ್ಪಳ ಎಲ್ಲಾ ಹೊರಗ. ಒಳಗ ಬಿಡೂದಾದ್ರ ಬ್ಯಾಗ್ ಮಾತ್ರ 1 ಮೈಕ್ರಾನ್ ಫೆಲ್ಟ್ ಇರಬೇಕು. ಯಂತ್ರದ ಜೋಡಿ ಬಂದ 30 ಮೈಕ್ರಾನ್ ಬ್ಯಾಗ್ ಸಣ್ಣ ಧೂಳು ಹಿಡಿಯೂದಿಲ್ಲ, ಎಂಡಿಎಫ್ ಧೂಳು ಪುಪ್ಪಸಕ್ಕ ಹೋಗೋದ ಅದು.

ಸಾಗವಾನಿ_ಟಿಳಕವಾಡಿ

ಇಬ್ಬರಿಗೂ ಧನ್ಯವಾದ. ಪರೀಕ್ಷೆಗಳ ಫಲ ಇಲ್ಲಿದೆ. ಸ್ವಿಚ್ ಆಫ್ ಮಾಡಿದಾಗ ಸಪ್ಪಳ ನಿಧಾನವಾಗಿ ಇಳಿಯುತ್ತದೆ. ಗೇಟ್ ಮುಚ್ಚಿದರೆ 86ರಿಂದ 79. ಸ್ಪೆಕ್ಟ್ರಮ್‌ನಲ್ಲಿ 285 ಹರ್ಟ್ಸ್‌ ಹತ್ತಿರ ಎತ್ತರದ ಒಂದು ಶಿಖರ, 47–48ರಲ್ಲಿ ಸಣ್ಣದೊಂದು. ಬ್ಲೇಡ್ 6 ಇವೆ. ಬ್ರಾಕೆಟ್ ಮತ್ತು ಆ್ಯಂಕರ್ ಬಿಚ್ಚಿದ ಮೇಲೆ ಗೋಡೆಗೆ ಕೈ ಇಟ್ಟರೆ ನಡುಕ ಗೊತ್ತಾಗುವುದಿಲ್ಲ, ಆದರೆ ನೆಲದಲ್ಲಿ ಇನ್ನೂ ಇದೆ.

ಎರಡು ಪ್ರಶ್ನೆ. ವಿಎಫ್‌ಡಿ (ಕರೆಂಟಿನ ಹರ್ಟ್ಸ್ ಬದಲಿಸಿ ಮೋಟರಿನ ವೇಗ ಬದಲಿಸುವ ಡ್ರೈವ್) ಹಾಕಿ ವೇಗ ಇಳಿಸಿದರೆ ಹೇಗೆ? ಮತ್ತು ಪೆಟ್ಟಿಗೆಯೊಳಗೆ ಮೋಟರ್ ಕಾಯುವುದಿಲ್ಲವೇ?

ಬ್ಲೋವರ್_ಉದ್ಯಮಬಾಗ್

285 ಅಂದರೆ 47.5 × 6, ಪಕ್ಕಾ ಬ್ಲೇಡ್ ಸ್ವರ. ಪಕ್ಕದವರಿಗೆ ಚುಚ್ಚುತ್ತಿರುವುದು ಇದೇ. ಒಂದೇ ಸ್ವರದಲ್ಲಿ ಎಳೆಯುವ ಸಪ್ಪಳ, ಅಷ್ಟೇ ಡೆಸಿಬೆಲ್‌ನ ಬರೀ ಗಾಳಿ ಸಪ್ಪಳಕ್ಕಿಂತ ಹೆಚ್ಚು ಕಾಡುತ್ತದೆ. ಬ್ಲೇಡ್ ತುದಿ ಕೇಸಿಂಗ್‌ನ ನಾಲಿಗೆಯ (ಗಾಳಿ ಹೊರಬೀಳುವ ಬಾಯಿಯ ಒಳ ಅಂಚು) ಪಕ್ಕ ಹಾದಾಗಲೆಲ್ಲ ಗಾಳಿಗೆ ಒಂದು ಏಟು ಬೀಳುತ್ತದೆ, ಸೆಕೆಂಡಿಗೆ 285 ಏಟು. ಕೇಸಿಂಗ್ ಮುಚ್ಚಳ ತೆಗೆದು ಬ್ಲೇಡ್ ತುದಿಗೂ ನಾಲಿಗೆಗೂ ಇರುವ ಸಂದು ಅಳೆಯಿರಿ. ಇಂಪೆಲ್ಲರ್ ವ್ಯಾಸದ ಶೇಕಡಾ 5ರಿಂದ 10, ನಿಮ್ಮದಕ್ಕೆ 15ರಿಂದ 30 ಮಿಮೀ ಇರಬೇಕು. 8–10 ಮಿಮೀ ಮಾತ್ರ ಇದ್ದರೆ ನಾಲಿಗೆಯ ಅಂಚನ್ನು ಸ್ವಲ್ಪ ಹಿಂದಕ್ಕೆ ಸರಿಸಿ, ಚೂಪು ಬಿಡದೆ ದುಂಡಗೆ ಮಾಡಿಸಬಹುದು. 30 ಮಿಮೀ ದಾಟಿಸಬೇಡಿ, ಗಾಳಿ ಒಳಗೇ ಸುತ್ತತೊಡಗಿ ಎಳೆತ ಬೀಳುತ್ತದೆ.

ಮುಚ್ಚಳ ತೆಗೆದಾಗಲೇ ಇಂಪೆಲ್ಲರ್ ಉಜ್ಜಿ ತೊಳೆಯಿರಿ. ಸಾಗವಾನಿಯ ಎಣ್ಣೆಯಂಶಕ್ಕೆ ಸಣ್ಣ ಧೂಳು ಬ್ಲೇಡ್ ಬೆನ್ನಿಗೆ ಅಂಟಿ ಗಟ್ಟಿಯಾಗುತ್ತದೆ, ಅದೂ ಒಂದೊಂದು ಬ್ಲೇಡಿಗೆ ಒಂದೊಂದು ತೂಕ. 47–48ರ ಸಣ್ಣ ಶಿಖರ ಅದರಿಂದಲೇ ಇರಬಹುದು. ತೊಳೆದರೂ ಹೋಗದಿದ್ದರೆ ಇಂಪೆಲ್ಲರ್ ಬಿಚ್ಚಿ ಡೈನಾಮಿಕ್ ಬ್ಯಾಲೆನ್ಸಿಂಗ್‌ಗೆ ಕೊಡಿ. ಉದ್ಯಮಬಾಗ್‌ನಲ್ಲಿ ವಿಚಾರಿಸಿ, ಶಾಫ್ಟ್ ಕೀ ಜೊತೆಗೇ ಒಯ್ಯಿರಿ. ಕೀ ಇಲ್ಲದೆ ಮಾಡಿದ ಬ್ಯಾಲೆನ್ಸ್ ವಾಪಸ್ ಹಾಕಿದಾಗ ತಪ್ಪುತ್ತದೆ.

50 ಮಿಮೀ ರಾಕ್‌ವೂಲ್ 285 ಹರ್ಟ್ಸ್‌ಗೆ ಅಷ್ಟೇನೂ ಬಲವಲ್ಲ, ಅದರ ಕೈ ನಡೆಯುವುದು 500ರ ಮೇಲೆ. ಆದ್ದರಿಂದ ನವನಗರದವರು ಹೇಳಿದ ನಡುವಿನ 4 ಇಂಚಿನ ಗೋಡೆ ಬಿಡಬೇಡಿ. ಜಾಗ ಇದ್ದರೆ ಬ್ಲೋವರ್ ಎದುರಿನ ಗೋಡೆಗೂ 100 ಮಿಮೀ ಹಾಕಿ.

ಈ ಸ್ವರಕ್ಕೇ ಅಂತ ಇನ್ನೊಂದು ಉಪಾಯ ಇದೆ, ಬಹಳ ಕಡಿಮೆ ಖರ್ಚಿನದು. ಬ್ಲೋವರ್ ಬಾಯಿಯ ಹತ್ತಿರ ಮುಖ್ಯ ಪೈಪಿಗೆ ಒಂದು ಟೀ ಹಾಕಿ, ಅದರ ಕವಲು ಮೇಲ್ಮುಖವಾಗಿರಲಿ. ಕವಲಿಗೆ 110 ಮಿಮೀ ಪೈಪಿನ ಒಂದು ತುಂಡು ಸೇರಿಸಿ ತುದಿ ಮುಚ್ಚಿ. ಆ ಕುರುಡು ಪೈಪಿನ ಉದ್ದ ಸ್ವರದ ಅಲೆಯುದ್ದದ ಕಾಲು ಭಾಗ ಇದ್ದರೆ ಒಳಗೆ ಹೋದ ಅಲೆ ಮುಚ್ಚಿದ ತುದಿಗೆ ಬಡಿದು ಎದುರು ಹೆಜ್ಜೆಯಲ್ಲಿ ವಾಪಸ್ ಬಂದು ಮುಖ್ಯ ಅಲೆಯನ್ನು ಅಳಿಸುತ್ತದೆ. 30 ಡಿಗ್ರಿ ಗಾಳಿಯಲ್ಲಿ ಸದ್ದಿನ ವೇಗ ಸೆಕೆಂಡಿಗೆ 349 ಮೀಟರ್. 349ನ್ನು 285ರಿಂದ, ಆಮೇಲೆ 4ರಿಂದ ಭಾಗಿಸಿದರೆ 306 ಮಿಮೀ. ಬಾಯಿಯ ಪರಿಣಾಮದಿಂದ ನಿಜವಾದ ಉದ್ದ ಇದಕ್ಕಿಂತ ಸ್ವಲ್ಪ ಕಡಿಮೆ ಬೇಕಾಗುತ್ತದೆ. ಅದಕ್ಕೆ 330 ಮಿಮೀ ಪೈಪ್ ಇಟ್ಟು, ಒಳಗೆ ಹಿಂದೆ ಮುಂದೆ ಸರಿಯುವ ಕಟ್ಟಿಗೆಯ ಬಿರಡೆ ಮಾಡಿ, ಸ್ಪೆಕ್ಟ್ರಮ್ ನೋಡುತ್ತಾ ಸರಿಸಿ. ಶಿಖರ ಬಿದ್ದ ಜಾಗದಲ್ಲಿ ಸ್ಕ್ರೂ ಹಾಕಿ ಸಿಲಿಕಾನ್ ಹೊಡೆಯಿರಿ. ಕವಲು ಕೆಳಮುಖ ಇಟ್ಟರೆ ಹೊಟ್ಟು ತುಂಬಿ ಉದ್ದ ಬದಲಾಗುತ್ತದೆ, ಕೆಲಸ ಮಾಡುವುದಿಲ್ಲ. ಇದು ಈ ಒಂದು ಸ್ವರವನ್ನು ಮಾತ್ರ, ಅದೂ ಪೈಪಿನ ದಾರಿಯಲ್ಲಿ ಹೋಗುವುದನ್ನು ಮಾತ್ರ ಇಳಿಸುತ್ತದೆ.

ವಿಎಫ್‌ಡಿ ಬೇಡ. ಮೊದಲನೆಯದಾಗಿ ನಿಮ್ಮದು ಕೆಪಾಸಿಟರ್ ಸ್ಟಾರ್ಟ್ ಸಿಂಗಲ್ ಫೇಸ್ ಮೋಟರ್. ಅದರ ಒಳಗಿನ ಸೆಂಟ್ರಿಫ್ಯೂಗಲ್ ಸ್ವಿಚ್ ವೇಗ ಇಳಿದಾಗ ಮತ್ತೆ ಕೂಡಿ ಸ್ಟಾರ್ಟಿಂಗ್ ವೈಂಡಿಂಗ್ ಸುಡುತ್ತದೆ. ಫ್ಯಾನ್ ರೆಗ್ಯುಲೇಟರ್ ಅಂತೂ ಯೋಚನೆಯಲ್ಲೂ ಬೇಡ. ತ್ರೀ ಫೇಸ್ ಮೋಟರ್ ಹಾಕಿದಿರಿ ಅಂತಲೇ ಇಟ್ಟುಕೊಳ್ಳಿ: 50ರಿಂದ 40 ಹರ್ಟ್ಸ್‌ಗೆ ಇಳಿಸಿದರೆ ಗಾಳಿ ಶೇಕಡಾ 20 ಕಡಿಮೆ, ಒತ್ತಡ ಶೇಕಡಾ 36 ಕಡಿಮೆ, ಸಪ್ಪಳ ಇಳಿಯುವುದು ಸುಮಾರು 5 ಡೆಸಿಬೆಲ್. ಕಟ್ಟಿಗೆ ಹೊಟ್ಟು ಪೈಪಿನಲ್ಲಿ ಸಾಗಲು ಸೆಕೆಂಡಿಗೆ 20 ಮೀಟರ್ ಬೇಕು. ಅದಕ್ಕಿಂತ ಇಳಿದರೆ ಅಡ್ಡ ಪೈಪಿನಲ್ಲಿ ಹೊಟ್ಟು ಕೂರುತ್ತದೆ. ಕಟ್ಟಿಗೆ ಧೂಳು ಕ್ಯಾನ್ಸರ್‌ಕಾರಕ ಎಂದು ಐಎಆರ್‌ಸಿ (ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ) ಮೊದಲ ಗುಂಪಿನಲ್ಲೇ ಇಟ್ಟಿದೆ. 5 ಡೆಸಿಬೆಲ್‌ಗಾಗಿ ಆ ಧೂಳನ್ನು ಶೆಡ್‌ನಲ್ಲಿ ಬಿಡುವುದು ಸರಿಯಲ್ಲ.

ನೆಲದ ನಡುಕಕ್ಕೆ ರಬ್ಬರ್ ಮೌಂಟ್. ಗಟ್ಟಿ ರಬ್ಬರ್ ತುಂಡು ಇಟ್ಟರೆ ಏನೂ ಆಗುವುದಿಲ್ಲ, ಯಂತ್ರದ ಭಾರಕ್ಕೆ ಅದು 2–3 ಮಿಮೀ ಅದುಮಬೇಕು. 2.5 ಮಿಮೀ ಅದುಮಿದರೆ ಮೌಂಟ್‌ನ ಸ್ವಂತ ಆವರ್ತನ 10 ಹರ್ಟ್ಸ್ ಹತ್ತಿರ ಬರುತ್ತದೆ, 47.5ರಿಂದ ಸಾಕಷ್ಟು ದೂರ. ಯಂತ್ರ ಹಗುರ ಇದ್ದರೆ ಅಷ್ಟು ಅದುಮುವುದಿಲ್ಲ. ಆದ್ದರಿಂದ 2 × 3 ಅಡಿ, ಒಂದೂವರೆ ಇಂಚು ದಪ್ಪದ ಶಹಾಬಾದ್ ಫರ್ಸಿಯ ಮೇಲೆ ಯಂತ್ರ ಕೂರಿಸಿ, ಫರ್ಸಿಯ ಕೆಳಗೆ ನಾಲ್ಕು ಮೌಂಟ್ ಇಡಿ. ಫರ್ಸಿಯೇ 55 ಕೆಜಿ ತೂಗುತ್ತದೆ. ಯಂತ್ರ 45 ಅಂದರೆ ಒಂದೊಂದು ಮೌಂಟ್‌ಗೆ 25 ಕೆಜಿ. ಮೋಟರ್ ಇರುವ ಬದಿ ಭಾರ ಹೆಚ್ಚು, ನಾಲ್ಕೂ ಸಮನಾಗಿ ಅದುಮುವಂತೆ ಎದುರು ಬದಿಯ ಎರಡು ಮೌಂಟ್‌ಗಳನ್ನು ಮೋಟರಿನ ಕಡೆಗೆ ಒಳಕ್ಕೆ ಸರಿಸಿ.

ವೈಂಡಿಂಗ್_ವಿಜಯಪುರ

ಕಾವಿನ ಮಾತಿಗೆ ಬರ್ತೀನ್ರಿ. ಬ್ಯಾಗೂ ಪೆಟ್ಟಿಗಿ ಒಳಗ ಇದ್ರ ಚಿಂತಿ ಕಮ್ಮಿ. ಯಾಕಂದ್ರ ಬ್ಯಾಗಿನಿಂದ ಬರೋ ಗಾಳಿನ ಪೆಟ್ಟಿಗಿ ತೊಳದು ಹೊರಗ ಹೋಗತೈತಿ. 2 ಎಚ್‌ಪಿ ಮೋಟರ್ ಲೈನಿನಿಂದ ಸುಮಾರು 2 ಕಿಲೋವ್ಯಾಟ್ ತಗೋತೈತಿ. ಅಷ್ಟೂ ಕಾವಾದ್ರೂ 800 ಸಿಎಫ್‌ಎಂ ಗಾಳ್ಯಾಗ 4–5 ಡಿಗ್ರಿ ಏರತೈತಿ, ಅಷ್ಟ. ಬ್ಯಾಗ್ ಹೊರಗಿಟ್ಟು ಮೋಟರ್ ಮಾತ್ರ ಮುಚ್ಚಿದ್ರ ಕತಿ ಬ್ಯಾರೆ. ಮೋಟರಿನ ನಷ್ಟ 450 ವ್ಯಾಟ್ ಹಿಡಿದ್ರೂ, ಅದನ್ನ 10 ಡಿಗ್ರಿ ಒಳಗ ಇಡಾಕ 80 ಸಿಎಫ್‌ಎಂ ಬ್ಯಾರೆ ಗಾಳಿ ಬೇಕು, ಅದಕ್ಕೊಂದು ಸಣ್ಣ ಎಕ್ಸಾಸ್ಟ್ ಫ್ಯಾನ್ ಬೇಕು.

ಮೋಟರ್ ಸಾಮಾನ್ಯವಾಗಿ 40 ಡಿಗ್ರಿ ಹವಾಕ್ಕ ಅಂತ ಮಾಡಿರತಾರ. ನಮ್ಮ ವಿಜಯಪುರ, ಬಾಗಲಕೋಟಿ ಕಡೆ ಏಪ್ರಿಲ್ ಮೇದಾಗ ಹವಾನ 40 ದಾಟತೈತಿ. ಬೆಳಗಾವಿಗೆ ಅಷ್ಟು ತ್ರಾಸ ಇಲ್ಲ, ಆದ್ರ ಪತ್ರಾ ಕೆಳಗ ಮಧ್ಯಾಹ್ನ ಎಷ್ಟ ಇರತೈತಿ ಒಂದು ಥರ್ಮಾಮೀಟರ್ ಇಟ್ಟು ನೋಡ್ರಿ. ಛತ್ತಿನ ಹತ್ರ 60 ಡಿಗ್ರಿಯ ಥರ್ಮಲ್ ಕಟ್‌ಔಟ್ ಹಾಕಿ ಕಾಂಟ್ಯಾಕ್ಟರ್ ಕಾಯಿಲ್ ಲೈನಿಗೆ ಸೇರಸ್ರಿ. ಬ್ಯಾಗ್ ತುಂಬಿ ಗಾಳಿ ನಿಂತ್ರೂ, ಗಲ್ಲಿ ಯಾರರೆ ಮುಚ್ಚಿದ್ರೂ ತಾನ ನಿಲ್ಲತೈತಿ.

ಸ್ಟಾರ್ಟರ್, ಓವರ್‌ಲೋಡ್, ಎಂಸಿಬಿ ಎಲ್ಲಾ ಪೆಟ್ಟಿಗಿ ಹೊರಗ. ವೈರ್ 2.5 ಚದರ ಮಿಮೀ ತಾಮ್ರ ಕಮ್ಮಿ ಬ್ಯಾಡ. ಸಂಜಿಮುಂದ ವೋಲ್ಟೇಜ್ 200ರ ಕೆಳಗ ಬಂದಾಗ ಮೋಟರ್ ಗುಂಯ್ ಅನ್ನೂದು ಹೆಚ್ಚ ಆಗಿ ಮೈ ಸುಡತೈತಿ, ಆವಾಗ ಓಡಸಬ್ಯಾಡ್ರಿ. ಬೇರಿಂಗ್ ಸಪ್ಪಳ ಅನಿಸಿದ್ರ ಸ್ಕ್ರೂಡ್ರೈವರ್ ತುದಿ ಬೇರಿಂಗ್ ಮನಿಗೆ, ಹಿಡಿಕಿ ಕಿವಿಗೆ ಇಟ್ಟು ಕೇಳ್ರಿ. ಗರಗರ ಅಂದ್ರ ಎರಡೂ ಬೇರಿಂಗ್ ಒಮ್ಮಿಗೇ ಬದಲಸ್ರಿ. ಈ ಸೈಜಿಗೆ ಹೆಚ್ಚಾಗಿ 6205 ಇರತೈತಿ, ಬಿಚ್ಚಿ ನಂಬರ್ ನೋಡಿನ ತರ್ರಿ. ಪ್ರೆಸ್ ಮಾಡುವಾಗ ಒಳ ರಿಂಗಿನ ಮ್ಯಾಲ ಒತ್ತಬೇಕು, ಹೊರ ರಿಂಗಿಗೆ ಸುತ್ತಿಗಿ ಬಡದ್ರ ಹೊಸಾ ಬೇರಿಂಗೂ ಅವತ್ತ ಸಪ್ಪಳ ಹಿಡೀತೈತಿ.

ಪೆಟ್ಟಿಗಿಯಿಂದ ಗಾಳಿ ಕಟ್ಟೈತೋ ಇಲ್ಲೋ ತಿಳಿಯಾಕ ಕ್ಲ್ಯಾಂಪ್ ಮೀಟರ್ ಸಾಕು. ಒಂದು ಗೇಟ್ ಪೂರ್ತಿ ತೆರದು, ಬಾಗಲಾ ತೆರದಾಗ ಎಷ್ಟ ಆ್ಯಂಪಿಯರ್, ಮುಚ್ಚಿದಾಗ ಎಷ್ಟ ನೋಡ್ರಿ. ಮುಚ್ಚಿದಾಗ ಕರೆಂಟ್ ಇಳದ್ರ ಗಾಳಿ ಇಳದೈತಿ ಅಂತ ಅರ್ಥ, ಗಲ್ಲಿ ದೊಡ್ಡದು ಮಾಡಬೇಕು. ಕರೆಂಟ್ ಇಳದ್ರ ಛಲೋ ಅಂತ ತಿಳಕೋಬ್ಯಾಡ್ರಿ, ಬ್ಲೋವರಿಗೆ ಅದು ಉಲ್ಟಾ ಲೆಕ್ಕ.

ಇನ್ನೊಂದು ಮಾತು. ಅದ ಶೆಡ್ಡಿನಾಗ ವೆಲ್ಡಿಂಗ್, ಗ್ರೈಂಡಿಂಗ್ ಇದ್ರ ಅದರ ಕಿಡಿ ಈ ಕಲೆಕ್ಟರಿಗೆ ಎಂದೂ ಹೋಗಬಾರದು. ಕಿಡಿ ಹೊಟ್ಟಿನಾಗ ತಾಸುಗಟ್ಟಲೆ ಒಳಗೊಳಗ ಉರಿದು, ನೀವು ಶಟರ್ ಇಳಿಸಿ ಹೋದ ಮ್ಯಾಲ ಹತ್ತಕೊಳ್ಳತೈತಿ. ಪೆಟ್ಟಿಗ್ಯಾಗ ಮುಚ್ಚಿಟ್ಟದ್ದು ಕಾಣೂದೂ ಇಲ್ಲ. ಬ್ಯಾಗ್ ದಿನಾ ಖಾಲಿ ಮಾಡ್ರಿ.

ಸಾಗವಾನಿ_ಟಿಳಕವಾಡಿ

ಎಲ್ಲಾ ಬರೆದುಕೊಂಡೆ. ಪತ್ರಾ ಮತ್ತು ಶಟರ್‌ಗೆ ಕೂಡಲೇ ಏನಾದರೂ ಮಾಡಬೇಕೋ, ಪೆಟ್ಟಿಗೆ ಆದ ಮೇಲೆ ನೋಡಬಹುದೋ? ಪ್ಲೇನರ್ ಸಪ್ಪಳವೂ ಅಲ್ಲಿಂದಲೇ ಹೋಗುತ್ತದಲ್ಲ.

ನವನಗರ_ಪ್ಲೈ

ಮೊದಲ ಸಂದಿ ಮುಚ್ಚರಿ, ಆಮ್ಯಾಲ ಮೌಂಟು ಪೈಪು, ಆಮ್ಯಾಲ ಪೆಟ್ಟಿಗಿ. ಒಂದೊಂದು ಮುಗಿದಾಗ ಅಡಗಿಮನಿ ಕಿಟಕಿ ಹತ್ರ ಅಳೀರಿ. ಸರಿಯಾಗಿ ಕಟ್ಟಿದ ಪೆಟ್ಟಿಗಿ 10ರಿಂದ 15 ಡೆಸಿಬೆಲ್ ಇಳಸ್ತೈತಿ, ಕಲೆಕ್ಟರ್ ಮಟ್ಟಿಗೆ ನಿಮಗ ಅಷ್ಟ ಸಾಕು. ನಿಮ್ಮ 25 ಸಾವಿರ ಅಲ್ಲಿಗೇ ಮುಗೀತೈತಿ, ಪತ್ರಾ ಕೆಲಸ ಮುಂದಿನ ವರ್ಷಕ್ಕ ಇಡ್ರಿ.

ಪ್ಲೇನರ್ ಸಲುವಾಗಿ ಪತ್ರಾ ಹಿಡಿಯೂದಾದ್ರ ಕೆಳಗೊಂದು ಬ್ಯಾರೆ ಸೀಲಿಂಗ್ ಬೇಕು. ಪತ್ರಾದ ಪೈಪಿಗೆ ತೂಗಹಾಕಬ್ಯಾಡ್ರಿ, ನಡುಕ ಅದರಗುಂಟ ಮ್ಯಾಲ ಹೋಗತೈತಿ. 12 ಅಡಿ ಅಡ್ಡಲಾಗಿ ಗ್ವಾಡಿಯಿಂದ ಗ್ವಾಡಿಗೆ 75 × 40 × 2 ಮಿಮೀ ಬಾಕ್ಸ್ ಪೈಪ್, ಎರಡೆರಡು ಅಡಿಗೆ ಒಂದು. ಅದಕ್ಕ ಕೆಳಗಿಂದ ಜಿಪ್ಸಮ್ ಎರಡು ಪದರ, ಜಾಯಿಂಟ್ ತಪ್ಪಿಸಿ. ಮ್ಯಾಲ 50 ಮಿಮೀ ರಾಕ್‌ವೂಲ್ ಹಾಸ್ರಿ. ಪತ್ರಾಕ್ಕೂ ಅದಕ್ಕೂ ನಡುವ ಕಮ್ಮಿ ಅಂದ್ರ 6 ಇಂಚು ಖಾಲಿ ಇರಲಿ. ಮಳಿಗಾಲದ ಮೊದಲ ಪತ್ರಾದ ಪ್ರತಿ ಸ್ಕ್ರೂ ವಾಷರ್ ನೋಡ್ರಿ, ಒಂದು ಹನಿ ಸೋರಿದ್ರೂ ಜಿಪ್ಸಮ್ ಉಬ್ಬಿ ಕೆಳಗ ಬೀಳತೈತಿ. ಇದರಿಂದ ಬ್ಯಾಸಿಗಿ ಕಾವೂ ಇಳೀತೈತಿ, ಮಳಿ ಸಪ್ಪಳಾನೂ ಇಳೀತೈತಿ.

ಶಟರಿಗೆ ಒಳಗಿನಿಂದ ಎರಡು ಪಟ್ಟಿನ ಬಾಗಲಾ ಮಾಡ್ರಿ, 18 ಮಿಮೀ ಪ್ಲೈ, ಅದ ಡಿ-ಸೆಕ್ಷನ್ ಗ್ಯಾಸ್ಕೆಟ್, ನಡುವಿನ ಕೂಡುವಲ್ಲಿ ಒಂದರ ಮ್ಯಾಲ ಒಂದು ಒಂದು ಇಂಚು ಬರಬೇಕು. ಶಟರ್ ಮತ್ತ ಬಾಗಲಾ ನಡುವ ಎಷ್ಟ ದೂರ ಸಿಗತೈತೋ ಅಷ್ಟ ಬಿಡ್ರಿ. ಶಟರ್ ಗೈಡ್‌ನೊಳಗ ಪಟ್ಟಿ ಕುಣದು ಗಲಗಲ ಅನ್ನೂದಿದ್ರ ಎರಡೂ ಗೈಡ್ ಬದೀಗೆ ನೈಲಾನ್ ಬ್ರಶ್ ಪಟ್ಟಿ ಹಾಕಸ್ರಿ.